ಆಗಸ್ಟ್ ಮೂರನೆಯ ವಾರ

“ಆಗಸ್ಟ್ ಮೂರನೆಯ ವಾರ” ಎಂದು ಹರಾಜಿನವನು ಇಂಗ್ಲಿಷಿನಲ್ಲಿ ಕೂಗಿದಾಗ ಶ್ರೀಪತಿ ಕೈ ಎತ್ತಿದ. ಪಕ್ಕದಲ್ಲಿದ್ದ ಹೆಂಡತಿ ಕಮಲಾಕ್ಷಿಗೆ ಅದರಿಂದ ಅಚ್ಚರಿಯಾಗಲಿಲ್ಲ. ಅದಕ್ಕೆಂದೇ ಇಬ್ಬರೂ ಶೋರ್‌ಲೈನಿನ ಮನೆಯಿಂದ ಬೆಲ್‌ವ್ಯೂ ಊರಿನ ಈ ಕಚೇರಿಯ ಮೆಟ್ಟಿಲವರೆಗೆ ಬಂದಿದ್ದರು. ಅವಳು ಬೆಚ್ಚಿದ್ದು ಮೆಟ್ಟಿಲಿನ ಆಚೆ ತುದಿಯಲ್ಲಿ ಇನ್ನೊಂದು ಕೈ ಮೇಲೆದ್ದಾಗ. ಲಕ್ಷ್ಮೀಕಾಂತ. ಅವನ ಬೆನ್ನಿಗೆ ಹೆಂಡತಿ ವಿಜಯಾ, ಕೈಚೀಲವನ್ನು ಎದೆಗವಚಿಕೊಂಡು.

“ರೀ, ಅವರೂ ಬಂದಿದಾರೆ.”

“ನೋಡ್ದೆ. ಬರ್ಲಿ ಬಿಡು” ಎಂದು ಶ್ರೀಪತಿ ಮತ್ತೆ ಕೈ ಎತ್ತಿದ.

ಹರಾಜಿಗೆ ಬಂದದ್ದು ಮನೆಯಲ್ಲ, ಜಮೀನಲ್ಲ. ಗುಡ್ಡದ ಮೇಲಿನ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ಉಳಿಯುವ ಹಕ್ಕು. ಶ್ರೀಪತಿ, ಲಕ್ಷ್ಮೀಕಾಂತ ಇಬ್ಬರು ಗೆಳೆಯರೂ ವಿಮಾನ ಕಾರ್ಖಾನೆಯಲ್ಲಿ ಒಂದೇ ವಿಭಾಗದ ಎಂಜಿನಿಯರುಗಳಾಗಿದ್ದ ಕಾಲಕ್ಕೆ ಅದನ್ನು ಪಾಲಿನಲ್ಲಿ ಕೊಂಡಿದ್ದರು. ಪ್ರತಿ ಆಗಸ್ಟಿನಲ್ಲೂ ಎರಡು ಸಂಸಾರ, ಒಂದು ಅಡುಗೆಮನೆ. ಕಾಡಿನಿಂದ ಕಿತ್ತು ತಂದ ಹಕಲ್‌ಬೆರಿ ಹಣ್ಣಿನಲ್ಲಿ ವಿಜಯಾ ಗೊಜ್ಜು ಮಾಡಿದರೆ ಕಮಲಾಕ್ಷಿ ದೋಸೆ ಹುಯ್ಯುತ್ತಿದ್ದಳು. ಲಕ್ಷ್ಮೀಕಾಂತನ ಮಗ ರೋಹಿತ್, ಶ್ರೀಪತಿಯ ಮಗಳು ಚಿನ್ಮಯಿ ಅಲ್ಲೇ ಜೊತೆಯಾಗಿ ಬೆಳೆದರು. ಇವರಿಬ್ಬರಿಗೂ ಗಂಟು ಹಾಕಿಬಿಡೋಣವೆಂದು ದೊಡ್ಡವರು ತಮ್ಮತಮ್ಮೊಳಗೇ ಮಾತಾಡಿಕೊಂಡರು. ಮಕ್ಕಳನ್ನು ಕೇಳುವುದನ್ನು ಮರೆತರು. ಕೊನೆಗೆ ಕೇಳಿದಾಗ ಚಿನ್ಮಯಿ ನಕ್ಕುಬಿಟ್ಟಳು. “ಆಸೆ ತೋರಿಸಿ ಕೈಕೊಟ್ರಿ” ಎಂದ ಲಕ್ಷ್ಮೀಕಾಂತ. “ನನ್ ಮಗಳನ್ನೇನು ನಿಮಗೆ ಬರ್ಕೊಟ್ಟಿದ್ನಾ?” ಎಂದ ಶ್ರೀಪತಿ. ಅಲ್ಲಿಗೆ ಮಾತು ನಿಂತಿತು.

ಆಮೇಲೆ ಆ ವಾರಕ್ಕೆ ಇವರು ಹೋದಾರೆಂದು ಅವರು ಹೋಗಲಿಲ್ಲ, ಅವರು ಬಂದಾರೆಂದು ಇವರು ಹೋಗಲಿಲ್ಲ. ವರ್ಷವರ್ಷ ಕಟ್ಟಬೇಕಾದ ನಿರ್ವಹಣೆಯ ಖರ್ಚೂ ಹಾಗೇ ಅವರು ಕಟ್ಟಲಿ ಎಂದು ಇವರು, ಇವರು ಕಟ್ಟಲಿ ಎಂದು ಅವರು ಕಾಯುತ್ತ ಉಳಿದು, ರೆಸಾರ್ಟಿನವರು ಬೇಸತ್ತು ಹರಾಜಿಗಿಟ್ಟರು. ಅಷ್ಟರಲ್ಲಿ ರೋಹಿತ್ ಸೋನಿಯಾ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಚಿನ್ಮಯಿ ಆ ಮದುವೆಗೆ ಹೋಗಿ ಮನಸಾರೆ ಕುಣಿದು ಬಂದಳು. ಅವಳ ಅಪ್ಪ ಅಮ್ಮನಿಗೆ ಮಾತ್ರ ಕರೆಯಿರಲಿಲ್ಲ.

ಇಬ್ಬರೂ ಏರಿಸುತ್ತ ಹೋದರು. ನಡುವೆ ಕಿವಿಗೆ ಫೋನು ಸಿಕ್ಕಿಸಿಕೊಂಡಿದ್ದ ಒಬ್ಬ ಯುವಕ, ಇಂಥವನ್ನು ಅಗ್ಗಕ್ಕೆ ಕೊಂಡು ಮಾರುವವನು, ಯಾರನ್ನೋ ಕೇಳಿ ಕೇಳಿ ತಾನೂ ಕೂಗುತ್ತಿದ್ದ. ಕಮಲಾಕ್ಷಿ ನೋಡುತ್ತಿದ್ದಂತೆಯೇ ವಿಜಯಾ ಆ ತುದಿಯಿಂದ ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಅವಳ ಹತ್ತಿರ ಬಂದಳು.

“ಕಮಲಾ, ನಿಮ್ಮೋರಿಗೆ ಸಾಕು ಅಂತ ಹೇಳೇ.”

“ನಿಮ್ಮೋರು ಮೊದ್ಲು ನಿಲ್ಲಿಸ್ಲಿ” ಎಂದಳು ಕಮಲಾಕ್ಷಿ. ಎಷ್ಟು ಕಾಲವಾಯಿತು ಯಾರಾದರೂ ತನ್ನನ್ನು ಹೀಗೆ ‘ಹೇಳೇ’ ಎಂದು ಸಲಿಗೆಯಿಂದ ಮಾತಾಡಿಸಿ. “ಅಲ್ವೇ, ನೀವು ಯಾಕೆ ಬಂದ್ರಿ?”

“ಗೊತ್ತಿಲ್ದೋರ ಪಾಲಾಗ್ಬಿಟ್ರೆ ಅಂತ ಇವರಿಗೆ ಒಂದೇ ಸಂಕಟ. ಸರಿಯಾಗಿ ಊಟಾನೇ ಮಾಡಿಲ್ಲ. ನೀವು?”

“ನಾವೂ ಅದಕ್ಕೇ.”

ವಿಜಯಾ ಅವಳ ತೋಳು ಹಿಡಿದುಕೊಂಡಳು, ಬಿಡಲಿಲ್ಲ.

ಯುವಕ ಬೆಲೆಯನ್ನು ಇನ್ನಷ್ಟು ಏರಿಸಿದ. ಈ ಸಲ ಶ್ರೀಪತಿಯ ಕೈ ಮೇಲೇಳಲಿಲ್ಲ. ಬ್ಯಾಂಕಿನಿಂದ ಬರೆಸಿ ತಂದ ಡ್ರಾಫ್ಟಿನ ಮೊತ್ತ ಅಲ್ಲಿಗೆ ಮುಗಿದಿತ್ತು. ಲಕ್ಷ್ಮೀಕಾಂತ ನೆಲ ನೋಡುತ್ತ ಲೆಕ್ಕ ಹಾಕುತ್ತಿದ್ದ. ಹರಾಜಿನವನು ಒಂದು ಸಲ ಎಂದ. ಎರಡು ಸಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಶ್ರೀಪತಿ ಆಚೆ ತುದಿಯತ್ತ ತಿರುಗಿ, ಅಷ್ಟೂ ಜನರ ಮುಂದೆ ಕನ್ನಡದಲ್ಲಿ ಹೇಳಿದ:

“ನನ್ ಕೈಲಿ ಇಷ್ಟೇ ಆಗೋದು ಕಣೋ.”

ಲಕ್ಷ್ಮೀಕಾಂತ ತಲೆ ಎತ್ತಿದ. ಶ್ರೀಪತಿಯ ಮೋರೆ ನೋಡಿದ. ಕೈ ಎತ್ತಿದ. ಯುವಕ ಫೋನಿನಲ್ಲಿ ಏನೋ ಕೇಳಿ, ತಲೆಯಾಡಿಸಿ ಹಿಂದೆ ಸರಿದ.

ಹೊರಗಿನವರಿಗೆ ಹೋಗಲಿಲ್ಲವಲ್ಲ ಎಂದು ಕಮಲಾಕ್ಷಿ ಉಸಿರುಬಿಟ್ಟಳು. ಬಿಟ್ಟ ಉಸಿರು ಪೂರ್ತಿ ಹಗುರಾಗಲಿಲ್ಲ. ಇಷ್ಟು ದಿನ ಜಗಳವಿದ್ದರೂ ಅರ್ಧ ತಮ್ಮದಿತ್ತು, ಇನ್ನು ಅದೂ ಇಲ್ಲ. ಶ್ರೀಪತಿ ಅವಳತ್ತ ನೋಡದೆ, “ನಡಿ, ಹೋಗೋಣ” ಎಂದು ಮೆಟ್ಟಿಲಿಳಿಯತೊಡಗಿದ. ಅವಳು ಹೊರಡಬೇಕೆಂದರೂ ವಿಜಯಾ ತೋಳು ಬಿಡಬೇಕಲ್ಲ.

ಮೆಟ್ಟಿಲ ಮೇಲ್ತುದಿಯಲ್ಲಿ ಮಡಚುವ ಮೇಜಿನ ಹಿಂದೆ ಕೂತಿದ್ದ ಗುಮಾಸ್ತೆ, ಪತ್ರ ಯಾರ ಹೆಸರಿಗೆ ಮಾಡಬೇಕೆಂದು ಕೇಳಿದಳು. ಲಕ್ಷ್ಮೀಕಾಂತ ಗಂಟಲು ಸರಿಮಾಡಿಕೊಂಡು ನಿಧಾನವಾಗಿ, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಅಕ್ಷರ ಬಿಡಿಸಿದ: “ಎಸ್, ಆರ್, ಐ, ಪಿ...”

ಕಮಲಾಕ್ಷಿ ವಿಜಯಾಳ ಮುಖ ನೋಡಿದಳು. ವಿಜಯಾ ಸೆರಗಿಲ್ಲದೆ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಇದು ನಿಮ್ಮ ಹೆಸರೇ?” ಎಂದಳು ಗುಮಾಸ್ತೆ.

“ಅಲ್ಲ. ಅಲ್ಲಿ ಕೆಳಗೆ ಹೋಗ್ತಿದಾನಲ್ಲ, ಅವನದು. ನನ್ನದು ಎರಡನೆಯದು, ಉದ್ದ ಇದೆ, ಆಮೇಲೆ ಹೇಳ್ತೀನಿ” ಎಂದು ಅವಳ ಭಾಷೆಯಲ್ಲೇ ಉತ್ತರಿಸಿ ಅವನು ಮುಂದುವರಿಸಿದ: “ಎ, ಟಿ, ಐ.”

ಅರ್ಧ ಮೆಟ್ಟಿಲಿಳಿದಿದ್ದ ಶ್ರೀಪತಿ ನಿಂತ. ತಿರುಗಿ ಕಂಬಿ ಹಿಡಿದು ಮೇಲೆ ಹತ್ತತೊಡಗಿದ.

“ಟಿ ಆದ್ಮೇಲೆ ಎಚ್ ಇದೆ ಕಣೋ ದಡ್ಡ,” ಎಂದ, “ಸರಿಯಾಗಿ ಬರೆಸು.”