ಮೇಷ್ಟ್ರ ಕೋಲು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಗೇಟು ಕೈಗೆ ತಗುಲಿದ ಮೇಲೆಯೇ ಟೈಲರಮ್ಮನಿಗೆ ಕಂಡಿತು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ವರ್ಷಗಳಲ್ಲಿ ನುಂಗಿದ ಮಾತ್ರೆಗಳಿಂದ ಅವಳ ಮೂಳೆಗಳಲ್ಲಿ ಅಲ್ಯೂಮಿನಿಯಂ ಸೇರಿಕೊಂಡು, ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. ಹೊಸ ಕಿಡ್ನಿ ಈಗ ಅದನ್ನು ದಿನದಿನವೂ ತೊಳೆದು ಹೊರಹಾಕುತ್ತಿದೆ ಎಂದು ಡಾಕ್ಟರು ಹೇಳಿದಾಗ ಮನಸ್ಸಿನಲ್ಲೇ ಕೈಮುಗಿದಳು.

ಕೋಲು ಡಯಾಲಿಸಿಸ್ ಕೋಣೆಯಲ್ಲಿ ಅವಳ ಪಕ್ಕದ ಹಾಸಿಗೆಯಲ್ಲಿರುತ್ತಿದ್ದ ಮೇಷ್ಟ್ರದು. ತಮ್ಮ ಕಾಲು ಗಟ್ಟಿಯಿದ್ದಾಗ ಕೊಟ್ಟಿದ್ದರು. ಈಗ ಅದರ ಆಸರೆ ಬೇಡವಾಗಿತ್ತು; ಹಿಂದಿರುಗಿಸಲೆಂದು ತಂದಿದ್ದಳು. ಕಿಡ್ನಿ ಸಿಕ್ಕವರು ಮತ್ತೆ ಆ ಕೋಣೆಗೆ ಕಾಲಿಡುವುದಿಲ್ಲ. ಕಾಯುತ್ತಿರುವವರ ಹೊಟ್ಟೆ ಉರಿಸಬಾರದೆಂದು ಎಲ್ಲರೂ ಪಾಲಿಸುವ ಕಟ್ಟಳೆ ಅದು. ಅವಳು ಬಾಗಿಲಲ್ಲೇ ನಿಂತಳು.

"ಬಾರಮ್ಮ ಒಳಗೆ! ಕಾಲು ಬಂದಿದ್ದೇ ತಡ, ನಮ್ಮನ್ನೆಲ್ಲ ಮರೆತೇಬಿಟ್ಟೆಯಲ್ಲ?" ಎಂದು ಮೇಷ್ಟ್ರು ನಕ್ಕರು.

"ಮರೆಯೋದುಂಟಾ ಮೇಷ್ಟ್ರೇ? ಮನೇಲಿ ಮಾತಾಡೋಕೆ ಗೋಡೆ ಬಿಟ್ರೆ ಇನ್ಯಾರಿದ್ದಾರೆ ನಂಗೆ?"

ಅವಳನ್ನು ಕರೆದು ಕೂರಿಸಲು ಏಳಹೋದ ಮೇಷ್ಟ್ರು ಮಂಚದ ಕಂಬಿ ಹಿಡಿದು, ಮುಖ ಕಿವುಚಿ, ಮತ್ತೆ ಕುಳಿತುಬಿಟ್ಟರು. ತಾನು ಉಂಡ ಮೂಳೆನೋವೇ ಅದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊಸ್ತಿಲು ದಾಟಿ ಹೋಗಿ, ಕೋಲಿನ ಹಿಡಿಯನ್ನು ಒರೆಸಿ ಅವರ ಅಂಗೈಗಿಟ್ಟು, ಅವರ ಬೆರಳುಗಳು ಅದರ ಸುತ್ತ ಮುಚ್ಚುವವರೆಗೂ ಹಿಡಿದುಕೊಂಡೇ ಇದ್ದಳು.