ಸೊನ್ನೆಯ ಕೆಳಗಿನ ಮೆಟ್ಟಿಲು

ಬಾವಿಯ ಪಾಚಿ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನದ ಗಣಿತದ ತರಗತಿ ನೆನಪಾಗುತ್ತದೆ.

ಮಿರಜ ಸಮೀಪದ ನಮ್ಮೂರ ಕನ್ನಡ ಶಾಲೆಯನ್ನು ಮರಾಠಿ ಶಾಲೆಯೊಳಗೆ ಸೇರಿಸಿದ ವರ್ಷವದು. ಸಾಂಗ್ಲಿಯಿಂದ ಬಂದ ಹೊಸ ಗುರುಜಿಗೆ ಕನ್ನಡ ಬರುತ್ತಿತ್ತು, ಊರಿನ ಸುದ್ದಿ ಗೊತ್ತಿರಲಿಲ್ಲ. ಹಲಗೆಯ ಮೇಲೆ ಬಾವಿ ಬರೆದು, ನೆಲವೇ ಸೊನ್ನೆ, ಕೆಳಗಿನ ಮೆಟ್ಟಿಲುಗಳೆಲ್ಲ ಮೈನಸ್ ಎಂದರು.

"ಮೈನಸ್ ಮೂರು, ಮೈನಸ್ ಎಂಟು. ಯಾವುದು ದೊಡ್ಡದು?" ಎಂದು ನನ್ನನ್ನು ಕೇಳಿದರು.

"ಎಂಟು ದೊಡ್ಡದ್ರಿ."

"ತಪ್ಪು. ಕೆಳಗ ಇಳಿದಷ್ಟೂ ಸಣ್ಣದಾಗತದ."

"ಇಲ್ರಿ ಗುರುಜಿ. ಮೂರನೇ ಮೆಟ್ಟಿಲದಾಗ ನನಗ ಮೊಣಕಾಲತನಕ ನೀರು. ನಮ್ಮ ಅಕ್ಕ ಎಂಟನೇದ್ರಾಗ ಮುಳುಗಿ ಹೋದಳ್ರಿ."

ಅವರು ಹಲಗೆಯ ಬಾವಿಯನ್ನು ಅಂಗೈಯಿಂದಲೇ ಒರೆಸಿದರು. ಪರೀಕ್ಷೆಯಲ್ಲೂ ನಾನು ಎಂಟೇ ದೊಡ್ಡದೆಂದು ಬರೆದೆ. ಅದರ ಮುಂದೆ ಅವರು ಯಾವ ಗುರುತೂ ಹಾಕಲಿಲ್ಲ.