ಮುಂದಿನ ಎರಡು ಬೆಂಚು

ಭಾನುವಾರದ ಆರಾಧನೆಗೆ ಮೂವತ್ತು ಜನರಾದರೂ ಸೇರದಿದ್ದರೆ ಚರ್ಚು ಮುಚ್ಚಿ, ಪಕ್ಕದೂರಿನ ಸಭೆಗೆ ಸೇರಿಸಿಬಿಡುವುದಾಗಿ ಬಿಷಪ್ಪರು ಪತ್ರ ಬರೆದಿದ್ದರು. ಸಭೆಯಲ್ಲಿ ಉಳಿದಿದ್ದವರು ಹನ್ನೊಂದೇ ಮಂದಿ. ಬಿಷಪ್ಪರು ಖುದ್ದಾಗಿ ನೋಡಲು ಬರುವ ದಿನ ಬೆಳಿಗ್ಗೆ, ಸಭೆಯ ಕಾರ್ಯದರ್ಶಿ ಸುಗುಣರಾಜ್ ಎದುರಿನ ಚಹಾದಂಗಡಿಗೆ ಓಡಿದರು.

“ಕೊಟ್ರಣ್ಣ, ನಿನ್ ಗಿರಾಕಿಗಳನ್ನೆಲ್ಲ ಕರ್ಕೊಂಡು ಒಂದ್ ಗಂಟೆ ಬಂದು ಕೂತ್ಕೊಳಪ್ಪ. ಇಲ್ದಿದ್ರೆ ಚರ್ಚಿಗೆ ಬೀಗ.”

“ಬರ್ತೀವ್ ಬಿಡ್ರಿ ಸಾರ್. ಅಲ್ಲಿ ಏನ್ ಮಾಡ್ಬೇಕು?”

“ಏನೂ ಮಾಡ್ಬೇಡಿ. ಬಾಯಿ ಮಾತ್ರ ಬಿಡ್ಬೇಡಿ, ಸಿಕ್ಕಿಬೀಳ್ತೀವಿ.”

ಬೆಂಚುಗಳು ತುಂಬಿದವು. ಬಿಷಪ್ಪರು ಎಲ್ಲರನ್ನೂ ಒಮ್ಮೆ ಕಣ್ಣಾಡಿಸಿ ನೋಡಿ, “ಇವತ್ತು ಪುಸ್ತಕ ಮುಚ್ಚಿಟ್ಟು ವಿಶ್ವಾಸಪ್ರಮಾಣ ಹೇಳೋಣ,” ಎಂದರು.

ಮುಂದಿನ ಎರಡು ಬೆಂಚಿನಲ್ಲಿದ್ದ ಹನ್ನೊಂದು ಮಂದಿ ಪ್ರತಿ ಭಾನುವಾರ ಹೇಳುವ ಆ ನಂಬಿಕೆಯ ಸಾಲುಗಳನ್ನು ಪುಸ್ತಕ ನೋಡದೆ ಎಂದೂ ಹೇಳಿದವರಲ್ಲ. ಎರಡನೇ ಸಾಲಿಗೇ ತಡವರಿಸತೊಡಗಿದರು. ಆಗ ಹಿಂದಿನಿಂದ ಕೊಟ್ರಣ್ಣನ ದನಿ ಎದ್ದಿತು, ಗಿರಾಕಿಗಳೆಲ್ಲ ಜೊತೆಗೂಡಿದರು. ಚರ್ಚಿನ ಧ್ವನಿವರ್ಧಕ ಹದಿನೈದು ವರ್ಷಗಳಿಂದ ಅವರ ಚಹಾದಂಗಡಿಯ ಕಡೆಗೇ ಮುಖ ಮಾಡಿತ್ತು. ಒಂದಕ್ಷರವೂ ತಪ್ಪಲಿಲ್ಲ. ಪಾದ್ರಿಗಳು ಪ್ರತಿವಾರ ಕೆಮ್ಮುವ ಜಾಗದಲ್ಲಿ ಎಲ್ಲರೂ ಒಟ್ಟಿಗೆ ಕೆಮ್ಮಿದರು.

ಆರಾಧನೆ ಮುಗಿದ ಮೇಲೆ ಬಿಷಪ್ಪರು ಪಾದ್ರಿಗಳ ಹೆಗಲ ಮೇಲೆ ಕೈಯಿಟ್ಟರು.

“ಚರ್ಚು ಮುಚ್ಚೋ ಮಾತೇ ಇಲ್ಲ, ಸಭೆ ಗಟ್ಟಿಯಾಗಿದೆ. ಆದರೆ ಅಯ್ಯನವರೇ, ತಲೆ ಲೆಕ್ಕಕ್ಕೆ ಅಂತ ಮುಂದಿನ ಎರಡು ಬೆಂಚಿಗೆ ಹೊರಗಿನವರನ್ನ ತಂದು ಕೂರಿಸಬಾರದಿತ್ತು.”